ಕನಸು ಬೀಳುವ ಭಾಷೆ

ಗುಂಡ್ಲುಪೇಟೆಯಿಂದ ಬೆಳಿಗ್ಗೆ ಏಳೂಮುಕ್ಕಾಲಿಗೆ ಹೊರಟು, ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗುವ ಬಸ್ಸಿನಲ್ಲಿ ನಾನು ಹನ್ನೊಂದು ವರ್ಷ ಕಂಡಕ್ಟರಾಗಿದ್ದೆ. ಅಷ್ಟು ವರ್ಷವೂ ಎಡಗಡೆಯ ನಾಲ್ಕನೇ ಸೀಟಿನ ಕಿಟಕಿಯ ಪಕ್ಕ ಟೀಚರ್ ಕೂತಿರುತ್ತಿದ್ದರು. ಹೆಂಗಸರಿಗೆ ಟಿಕೆಟ್ ಫ್ರೀ ಆಗಿ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಂತಾದ ಮೇಲೂ ಆ ಸೀಟಿಗೆ ಯಾರೂ ಹೋಗುತ್ತಿರಲಿಲ್ಲ. ಯಾರೂ ಕಾದಿರಿಸಿದ್ದಲ್ಲ. ಓದುತ್ತಿರುವವರನ್ನು ಏಳಿಸಲು ನಮ್ಮ ಕಡೆಯ ಜನಕ್ಕೆ ಒಂಥರಾ ಸಂಕೋಚ.

ಅವರು ಚಾಮರಾಜನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದರು. ಮನೆ ಗುಂಡ್ಲುಪೇಟೆ. ಅವರ ತಂದೆ ಈರುಳ್ಳಿ ಲಾರಿಗಳಿಗೆ ಟಾರ್ಪಾಲು ಹೊಲಿಯುತ್ತಿದ್ದವರು. ಮನೆಯ ಮಾತು ಉರ್ದು. ಮದುವೆಯಾಗಲಿಲ್ಲ. ತಾಯಿ ಇರುವವರೆಗೂ ತಾಯಿಯನ್ನು ನೋಡಿಕೊಂಡರು. ಬಸ್ಸಿನಲ್ಲಿ ಹನ್ನೊಂದು ವರ್ಷ ದಿನಾ ನೋಡಿದವನಿಗೆ ಇದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಅವರು ಬಿಳಿ ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಕೂತರೆಂದರೆ ಬಸ್ಸು ಊರು ದಾಟುವುದರೊಳಗೆ ಬ್ಯಾಗಿನಿಂದ ಒಂದು ಹಳೆಯ ಪುಸ್ತಕ ಹೊರಬರುತ್ತಿತ್ತು. ರಟ್ಟು ಹೋಗಿ, ಮೊದಲಿನ ನಾಲ್ಕಾರು ಪುಟ ಕಿತ್ತುಹೋಗಿ, ಅಂಚೆಲ್ಲ ಕಂದು ತಿರುಗಿದ ಪುಸ್ತಕ. ಚಾಮರಾಜನಗರದಲ್ಲಿ ಹಳೇ ಪೇಪರ್ ಅಂಗಡಿಯವನೊಬ್ಬ ಅಂಥವನ್ನು ಅವರಿಗೆಂದೇ ಎತ್ತಿಡುತ್ತಿದ್ದ. ಬರೆದವರು ಯಾರೆಂದು ಗೊತ್ತಿಲ್ಲದಿದ್ದರೇ ಒಳ್ಳೆಯದು, ಆಗ ವಾಕ್ಯದ ಮೇಲೆ ಕಣ್ಣು ನಿಲ್ಲುತ್ತದೆ ಎನ್ನುತ್ತಿದ್ದರು.

ಅವರು ಓದುತ್ತಿದ್ದದ್ದು ಕಥೆಯನ್ನಲ್ಲ. ಒಂದು ವಾಕ್ಯಕ್ಕೆ ನಿಂತು, ಒಂದು ಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಅದೇ ವಾಕ್ಯದ ಇನ್ನೊಂದು ಪದಕ್ಕೆ ಸೇತುವೆಯ ಹಾಗೆ ಒಂದು ಕಮಾನು ಹಾಕುತ್ತಿದ್ದರು. ಆಮೇಲೆ ಉದ್ದನೆಯ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡು, ಕಿಟಕಿಯ ಸರಳಿಗೆ ಪೆನ್ಸಿಲನ್ನು ಎರಡು ಸಲ ಟಕ್ ಟಕ್ ಎಂದು ಬಡಿಯುತ್ತಿದ್ದರು. ಏನೋ ಸಿಕ್ಕಿತು ಎಂದು ಅರ್ಥ. ಹಾಗೆ ಸಿಕ್ಕ ದಿನ ಎಷ್ಟೋ ಸಲ ತಮ್ಮ ಸ್ಟಾಪನ್ನೇ ಮರೆತು ಬಸ್ ಸ್ಟ್ಯಾಂಡಿನವರೆಗೆ ಬಂದುಬಿಡುತ್ತಿದ್ದರು.

ಮೊದಲ ಸಲ ಅವರು ನನ್ನ ಹತ್ತಿರ ಮಾತಾಡಿದ್ದು ಟಿಕೆಟ್ಟಿನ ವಿಷಯಕ್ಕೇ. ಯಾರೊಂದಿಗೋ ನಾನು, "ಆಗಲೇ ಟಿಕೆಟ್ ಹರಿದಾಯ್ತಲ್ಲ" ಎಂದೆ. ಟೀಚರ್ ತಲೆ ಎತ್ತಿ, ಮೆಷಿನ್ ಬಂದು ಎಷ್ಟೋ ವರ್ಷವಾಯಿತು, ಈಗ ಹರಿಯುವುದಕ್ಕೆ ಏನಿದೆ ಎಂದು ಕೇಳಿದರು. ನಾನು ಕೈಯಲ್ಲಿದ್ದ ಮೆಷಿನ್ ನೋಡಿಕೊಂಡೆ. ಹೌದಲ್ಲ ಅನ್ನಿಸಿತು. ಅವರು ಸದ್ದಿಲ್ಲದೆ ಹೆಗಲು ಕುಣಿಸಿ ನಕ್ಕರು. ಅವರ ನಗು ಯಾವಾಗಲೂ ಹಾಗೆಯೇ, ಹೆಗಲಿಗೆ ಮಾತ್ರ ಗೊತ್ತಾಗುವಂಥದ್ದು.

ಇದೆಲ್ಲ ಯಾಕೆ ಬರೆದುಕೊಳ್ಳುತ್ತೀರಿ ಎಂದು ಒಂದು ದಿನ ಬಸ್ಸು ಖಾಲಿಯಿದ್ದಾಗ ಕೇಳಿದೆ. ಅವರು ಐದನೇ ಕ್ಲಾಸಿನ ಕಥೆ ಹೇಳಿದರು. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಸೇರಿ ಆಗಿನ್ನೂ ಕೆಲವೇ ತಿಂಗಳು. ಕನಸಿನ ಬಗ್ಗೆ ಬರೆಯಲು ಮೇಷ್ಟ್ರು ಹೇಳಿದಾಗ ಇವರು "ನಾನು ರಾತ್ರಿ ಒಂದು ಕನಸು ನೋಡಿದೆ" ಎಂದು ಬರೆದರಂತೆ. ಉರ್ದುವಿನಲ್ಲಿ ಕನಸನ್ನು ನೋಡುತ್ತಾರೆ. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿದಾಗ ಕ್ಲಾಸೆಲ್ಲ ನಕ್ಕಿತು. ಪಕ್ಕದ ಹುಡುಗಿ, "ಕನಸು ಬೀಳ್ತದೆ ಕಣಮ್ಮಿ, ನೋಡಕ್ಕೆ ಅದೇನ್ ಸಿನಿಮಾನಾ" ಎಂದಳು. ಟೀಚರ್‌ಗೆ ಅವಮಾನಕ್ಕಿಂತ ಆಶ್ಚರ್ಯವೇ ಹೆಚ್ಚಾಯಿತಂತೆ. ಕನಸು ಬೀಳುತ್ತದೆಯೇ? ಎಲ್ಲಿಂದ? ಆ ರಾತ್ರಿ ಟಾರ್ಪಾಲುಗಳ ಪಕ್ಕ ಮಲಗಿ, ಮೇಲಿಂದ ಏನಾದರೂ ಬೀಳಬಹುದು ಎಂದು ಕಣ್ಣು ಬಿಟ್ಟುಕೊಂಡೇ ಇದ್ದರಂತೆ.

"ನೀವು ಈ ಭಾಷೆ ಒಳಗೇ ಹುಟ್ಟಿದವರು, ನಿಮಗೆ ಕಾಣಲ್ಲ," ಎಂದರು. "ನಾನು ಹೊರಗಿಂದ ಬಂದೆ. ಯಾವ ಮಾತಿನ ಕೈ ಯಾವ ಮಾತು ಹಿಡ್ಕೊಳ್ಳುತ್ತೆ ಅಂತ ಒಂದೊಂದೇ ನೋಡ್ಕೊಂಡು ನಡೀಬೇಕಾಯ್ತು. ಆಮೇಲೆ ಅದೇ ರುಚಿ ಹತ್ತಿಬಿಟ್ಟಿತು."

ಅವರ ಮನೆಮಾತಿನಲ್ಲಿ ಕೈಗೂ ಬಟ್ಟೆಗೂ ಪಾತ್ರೆಗೂ ಧೋನಾ ಒಂದೇ ಸಾಕು. ಕನ್ನಡದಲ್ಲಿ ಕೈ ತೊಳೆಯಬೇಕು, ಬಟ್ಟೆ ಒಗೆಯಬೇಕು, ಪಾತ್ರೆ ಬೆಳಗಬೇಕು. ಅದರಲ್ಲೂ ಈ ಬೆಳಗುವುದು ಅವರಿಗೆ ಬಲು ಇಷ್ಟ. ನೋಟ್‌ಬುಕ್ಕಿನಲ್ಲಿ ಅದಕ್ಕೇ ಎರಡು ಪುಟ ಇಟ್ಟಿದ್ದರು. ದೀಪ ಬೆಳಗುವುದೂ ಅದೇ ಮಾತು, ಆರತಿ ಬೆಳಗುವುದೂ ಅದೇ, ಹೊತ್ತು ಮೂಡಿದರೆ ಅದೂ ಬೆಳಗೇ. ನಮ್ಮನೆಯಲ್ಲಿ ದಿನಾ ಬೂದಿ ಹಾಕಿ ಪಾತ್ರೆ ಬೆಳಗುತ್ತಿದ್ದ ಅವ್ವ ಇಷ್ಟು ದೊಡ್ಡ ಮಾತಿನ ಜೊತೆ ಕೂತಿದ್ದಳೆಂದು ನನಗೆ ಹೊಳೆದೇ ಇರಲಿಲ್ಲ. ಬಾವಿಯಿಂದ ನೀರನ್ನೂ ಸೇದುತ್ತೀರಿ, ಬೀಡಿಯನ್ನೂ ಸೇದುತ್ತೀರಿ ಎಂದು ಇನ್ನೊಂದು ದಿನ ಹೇಳಿದರು. ಅವತ್ತಿನಿಂದ ನಮ್ಮ ಡ್ರೈವರ್ ಬೀಡಿ ಹಚ್ಚಿದಾಗಲೆಲ್ಲ ನನಗೆ ಆಳದಲ್ಲೆಲ್ಲೋ ಹಗ್ಗದ ಸದ್ದು ಕೇಳಿಸಿದಂತಾಗುತ್ತಿತ್ತು.

ಒಂದು ಸಲ ತೆರಕಣಾಂಬಿಯ ಆಚೆ ಟೈರ್ ಪಂಕ್ಚರಾಯಿತು. ರಸ್ತೆಯ ಎರಡೂ ಬದಿ ಚೆಂಡುಹೂವಿನ ಹೊಲ. ಬೆಳಗಿನ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ, ಆ ಹಳದಿಯೆಲ್ಲ ಹಾಲಿನೊಳಗೆ ಅದ್ದಿಟ್ಟಂತೆ ಕಾಣುತ್ತಿತ್ತು. ಜನ ಇಳಿದು ಮೊಬೈಲಿನಲ್ಲಿ ಫೋಟೋ ತೆಗೆಯತೊಡಗಿದರು. ಟೀಚರ್ ಸೀದಾ ಹೊಲದ ಬದುವಿಗೆ ಹೋಗಿ, ಹೂ ಕೀಳುತ್ತಿದ್ದ ಹೆಂಗಸೊಬ್ಬಳನ್ನು ಮಾತಾಡಿಸಿದರು. ಏನು ಮಾಡುತ್ತಿದ್ದೀರಿ ಎಂದು ಕೇಳಿದ್ದಕ್ಕೆ ಅವಳು, "ಊ ಬುಡಿಸ್ತಾ ಇವ್ನಿ ಕಣವ್ವ" ಎಂದಳು. ಟೀಚರ್ ವಾಪಸ್ ಬಂದು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಬಸ್ಸು ಹೊರಟ ಮೇಲೆ ಹೇಳಿದರು: ಗಿಡ ಹೂ ಬಿಡುತ್ತದೆ, ಆಮೇಲೆ ನಾವು ಹೂ ಬಿಡಿಸುತ್ತೇವೆ. ಇಲ್ಲಿ ಯಾರೂ ಯಾರಿಂದಲೂ ಏನನ್ನೂ ಕಿತ್ತುಕೊಂಡ ಹಾಗಿಲ್ಲ ನೋಡಿ. ಅಷ್ಟು ಹೇಳಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರು. ನಿದ್ದೆ ಮಾಡಿದರೋ, ಆ ಮಾತಿನ ಒಳಗೆ ಇದ್ದರೋ ತಿಳಿಯಲಿಲ್ಲ.

ಎರಡು ವರ್ಷದ ಹಿಂದೆ, ಶಿವರಾತ್ರಿ ಕಳೆದ ವಾರ, ಡ್ಯೂಟಿ ಮುಗಿಸಿ ತೆರಕಣಾಂಬಿಯ ನಮ್ಮ ಮನೆಯ ಜಗುಲಿಯಲ್ಲಿ ಕೂತಿದ್ದೆ. ಕಾಫಿ ಲೋಟಕ್ಕೆ ಕೈ ಚಾಚಿದರೆ ಬಲಗೈ ಬರಲಿಲ್ಲ. ಶಿವಮ್ಮನನ್ನು ಕರೆಯಲು ಹೋದೆ, ಬಾಯಿಂದ ಗಾಳಿ ಬಂತು. ಶಿವಮ್ಮ ನನ್ನ ಹೆಂಡತಿ, ಚಂದಕವಾಡಿಯ ಹೆಣ್ಣು, ಗಾಬರಿ ಬೀಳುವವಳಲ್ಲ. ಯಾರದೋ ಗೂಡ್ಸ್ ಆಟೋದಲ್ಲಿ ನನ್ನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟೇಬಿಟ್ಟಳು. ಮೈಸೂರಿನ ಡಾಕ್ಟರು ಜೀವಕ್ಕೆ ಭಯವಿಲ್ಲ, ಕಾಲು ಸುಧಾರಿಸುತ್ತದೆ, ಮಾತು ಬರಬಹುದು, ಬರದೆಯೂ ಇರಬಹುದು ಎಂದರಂತೆ.

ಮನೆಗೆ ಬಂದಾಗ ಎಲ್ಲವೂ ಇದ್ದ ಹಾಗೇ ಇದ್ದವು. ಲೋಟ ಇತ್ತು, ಬಾಗಿಲಿತ್ತು, ಅಂಗಳದ ನುಗ್ಗೆಮರವಿತ್ತು. ಅವುಗಳ ಹೆಸರು ಮಾತ್ರ ನೀರಿನ ಅಡಿಗೆ ಹೋಗಿದ್ದವು. ಮಿಣುಗುಟ್ಟುತ್ತಿದ್ದವು. ಕೈ ಹಾಕಿದರೆ ಕದಲಿ ಬೇರೆಲ್ಲೋ ಸರಿಯುತ್ತಿದ್ದವು. ಬೇರೆಯವರು ಮಾತಾಡಿದ್ದು ತಿಳಿಯುತ್ತಿತ್ತು. ನನ್ನದು ಮಾತ್ರ ಬರುತ್ತಿರಲಿಲ್ಲ. ಹಗಲೆಲ್ಲ ಅರ್ಧ ಎಚ್ಚರದಲ್ಲಿ, ಬಸ್ಸಿನ ತೂಗಾಟ ಇನ್ನೂ ಮೈಯಲ್ಲಿರುವ ಹಾಗೆ, ತೇಲುತ್ತಾ ಇರುತ್ತಿದ್ದೆ. ಒಂದು ದಿನ ಡಿಪೋದ ಗೆಳೆಯರು ನೋಡಲು ಬಂದರು. ಅವರಿಗೆ ಕೂತುಕೊಳ್ಳಿ ಎನ್ನಬೇಕೆಂದು ಜೀವವನ್ನೆಲ್ಲ ಒಗ್ಗೂಡಿಸಿ ಬಾಯಿ ತೆರೆದೆ. "ಮುಂದಕ್ಕೋಗಿ, ಮುಂದಕ್ಕೋಗಿ" ಎಂದುಬಿಟ್ಟೆ. ಅವರು ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ, ಪ್ರೀತಿಯಿಂದಲೇ ನಕ್ಕರು. ಆದರೆ ಅವತ್ತಿನಿಂದ ನಾನು ಬಾಯಿ ತೆರೆಯುವುದನ್ನೇ ಬಿಟ್ಟೆ. ನಾಲ್ಕು ತಿಂಗಳು ಶಿವಮ್ಮ ಇಬ್ಬರ ಮಾತನ್ನೂ ಒಬ್ಬಳೇ ಆಡಿದಳು. ಕೇಳುವವಳೂ ಅವಳೇ, ಹೂಂ ಎನ್ನುವವಳೂ ಅವಳೇ.

ಆಷಾಢದ ಒಂದು ಸಂಜೆ ಟೀಚರ್ ಬಂದರು. ಹೊಸ ಕಂಡಕ್ಟರನನ್ನು ಕೇಳಿ ಮನೆ ಹುಡುಕಿಕೊಂಡು, ವಾಪಸ್ ಬಸ್ಸಿನಿಂದ ದಾರಿಯಲ್ಲೇ ಇಳಿದು ಬಂದಿದ್ದರು. ನನ್ನನ್ನು ಹೇಗಿದ್ದೀರಿ ಎಂದು ಕೇಳಲಿಲ್ಲ. ಉತ್ತರ ಹೇಳಲಾರದವನಿಗೆ ಪ್ರಶ್ನೆ ಕೇಳದ ಮೊದಲ ವ್ಯಕ್ತಿ ಅವರು. ಶಿವಮ್ಮನಿಗೆ ಹೇಳಿದರು: "ನನಗೆ ಡಾಕ್ಟರ್ ಕೆಲಸ ಬರಲ್ಲಮ್ಮ. ಓದೋದು ಬರುತ್ತೆ. ದಿನಾ ಒಂದರ್ಧ ಗಂಟೆ ಇಲ್ಲಿ ಕೂತು ಓದ್ಲಾ?"

ಜಗುಲಿಯ ಮೇಲೆ ಕೂತು, ರಟ್ಟಿಲ್ಲದ ಪುಸ್ತಕ ತೆಗೆದು ಓದಿದರು. ಪ್ರತಿ ವಾಕ್ಯದಲ್ಲೂ ಕೊನೆಯ ಮಾತು ಹೇಳದೆ ನಿಲ್ಲಿಸಿ, ನುಗ್ಗೆಮರದ ಕಡೆ ನೋಡುತ್ತಾ ಕಾಯುತ್ತಿದ್ದರು. ನನ್ನ ಮುಖ ನೋಡುತ್ತಿರಲಿಲ್ಲ. ಕಾದು ಕಾದು, ತಾವೇ ಆ ಮಾತು ಹೇಳಿ ಮುಂದಿನ ವಾಕ್ಯಕ್ಕೆ ಹೋಗುತ್ತಿದ್ದರು. ಮೊದಲ ದಿನ ಏನೂ ಆಗಲಿಲ್ಲ, ಎರಡನೇ ದಿನವೂ ಇಲ್ಲ. ಮುಂದಿನ ಬಸ್ಸಿಗೆ ಹೊರಟುಹೋಗುತ್ತಿದ್ದರು. ಒಂದು ವಾರ ಕಳೆದಿರಬೇಕು. ವಾಕ್ಯದಲ್ಲಿ ಯಾರೋ ಯಾರದೋ ಮನೆಗೆ ಬಂದು ಬಾಗಿಲು ಎಂಬಲ್ಲಿಗೆ ಟೀಚರ್ ನಿಂತರು. "ತಟ್ಟಿದ" ಎಂದು ಯಾರೋ ಅಂದರು. ಒಳಗೆ ಶಿವಮ್ಮನ ಕೈಯಿಂದ ಏನೋ ಬಿತ್ತು. ಅಂದವನು ನಾನೇ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಟೀಚರ್ ಮಾತ್ರ ಏನೂ ಆಗದವರ ಹಾಗೆ ಮುಂದಿನ ವಾಕ್ಯ ಓದಿದರು. ಅವರ ಹೆಗಲು ಅಲುಗುತ್ತಿತ್ತು. ನಗುತ್ತಿಲ್ಲ ಎಂದು ಈ ಸಲ ಗೊತ್ತಾಯಿತು.

ಆಮೇಲೆ ಮಾತುಗಳು ಒಂದೊಂದಾಗಿ ಮೇಲೆದ್ದು ಬಂದವು. ಅವರು ದೀಪ ಎಂದರೆ ಹಚ್ಚು, ಜಡೆ ಎಂದರೆ ಹೆಣೆ, ಬುತ್ತಿ ಎಂದರೆ ಕಟ್ಟು. ನಾನು ಯೋಚಿಸುವುದರೊಳಗೆ ನಾಲಿಗೆ ಹೇಳಿರುತ್ತಿತ್ತು. ಚಿಕ್ಕಂದಿನಿಂದ ಕೇಳಿದ ಜೋಡಿಗಳೆಲ್ಲ ಎಲ್ಲೋ ಕೆಡದೆ ಉಳಿದಿದ್ದವು. ಪುಸ್ತಕ ಮುಗಿದರೆ ನೋಟ್‌ಬುಕ್ಕು, ನೋಟ್‌ಬುಕ್ಕು ಮುಗಿದರೆ ಮತ್ತೊಂದು ಪುಸ್ತಕ. ದಸರಾ ಹೊತ್ತಿಗೆ ನಾನು ಅವರು ಬಿಟ್ಟ ಜಾಗವನ್ನೆಲ್ಲ ತುಂಬುತ್ತಿದ್ದೆ. ಬೀದಿಯವರು ಜಗುಲಿಯ ಹತ್ತಿರ ನಿಂತು ನೋಡಿ, ಮಾತು ಬಂತು ಎಂದು ಸಂತೋಷಪಟ್ಟು ಹೋಗುತ್ತಿದ್ದರು.

ಬಂದಿರಲಿಲ್ಲ. ಅದು ಗೊತ್ತಿದ್ದದ್ದು ಶಿವಮ್ಮನಿಗೆ ಒಬ್ಬಳಿಗೆ. ಒಂದು ಸಂಜೆ ಟೀಚರ್ ಹೊರಡುವಾಗ ಅವಳು ಬಾಗಿಲ ಹತ್ತಿರ ತಡೆದು ಹೇಳಿದಳು. "ಊಟಕ್ಕಿಕ್ಲಾ ಅಂದ್ರೆ ತಿಂಡಿ ಅಂತಾರೆ. ಬಟ್ಟೆ ಬೇಕಾ ಅಂದ್ರೆ ಬರೆ ಅಂತಾರೆ. ನಾನ್ ಯೋಳಿದ್ದುಕ್ಕೆ ಜೋಡಿ ಯೋಳ್ತಾರೆ ಕಣ್ ಟೀಚರ್, ನನ್ ಕೂಡ ಮಾತಾಡಕಿಲ್ಲ."

ಟೀಚರ್‌ ಮುಖ ಬಾಡಿತು. ನಾನು ಎಲ್ಲ ಕೇಳಿಸಿಕೊಂಡೆ. ಮರುದಿನ ಅವರು ಬಂದಾಗ ಪುಸ್ತಕ ತೆಗೆಯಲಿಲ್ಲ. ನೋಟ್‌ಬುಕ್ಕನ್ನು ಮುಚ್ಚಿ ನನ್ನ ಪಕ್ಕ ಇಟ್ಟರು. ಮೊದಲ ಸಲ ನನ್ನ ಮುಖ ನೋಡಿ, ಇನ್ನು ಮೇಲೆ ನಾನು ಏನೂ ಓದುವುದಿಲ್ಲ, ನಿಮಗೆ ಬೇಕಾದ್ದು ಏನಾದರೂ ನೀವೇ ಒಂದು ಹೇಳಿ ಎಂದರು. ನಾನು ಬಾಯಿ ತೆರೆದೆ. ಅಲ್ಲಿ ಏನೂ ಇರಲಿಲ್ಲ. ಅವರು ಕಾದರು. ನುಗ್ಗೆಮರದಿಂದ ಒಂದು ಅಳಿಲು ಇಳಿದು, ಅಂಗಳ ದಾಟಿ, ಮತ್ತೆ ಹತ್ತಿಹೋಯಿತು. ಅವರು ಇನ್ನೂ ಕಾಯುತ್ತಿದ್ದರು. ನನಗೆ ಎಲ್ಲಿಂದ ಬಂತೋ ಆ ಸಿಟ್ಟು, ಎಡಗೈಯಲ್ಲಿ ಆ ನೋಟ್‌ಬುಕ್ಕನ್ನು ಎತ್ತಿ ಅಂಗಳಕ್ಕೆ ಎಸೆದೆ. ಹೊಲಿಗೆ ಬಿಚ್ಚಿ ಹಾಳೆಗಳು ಚೆಲ್ಲಾಡಿದವು. ಇಪ್ಪತ್ತು ವರ್ಷ ಬರೆದ ಹಾಳೆಗಳು. ಟೀಚರ್ ಎದ್ದು, ಒಂದೊಂದನ್ನೇ ಆರಿಸಿ, ಧೂಳು ಕೊಡವಿ ಬ್ಯಾಗಿಗೆ ಹಾಕಿಕೊಂಡು ಹೋದರು.

ಮಾರನೆಯ ದಿನ ಅವರು ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಸಂಜೆಯ ಬಸ್ಸು ನಿಂತು ಹೋಗುವ ಸದ್ದು ಕೇಳಿಸುತ್ತಿತ್ತು, ಆಮೇಲೆ ಯಾರ ಹೆಜ್ಜೆಯೂ ಇಲ್ಲ. ಎಂಟು ದಿನ ಹೀಗೆ ಕಳೆಯಿತು. ಒಂಬತ್ತನೇ ದಿನ ಬೆಳಿಗ್ಗೆ ನಾನು ಶಿವಮ್ಮನ ಕೈ ಹಿಡಿದು ಬಾಗಿಲ ಕಡೆ ಎಳೆದೆ. ಅವಳು ಯಾಕೆ ಎಂದು ಕೇಳಲಿಲ್ಲ. ಶರಟು ಹಾಕಿ, ಕೋಲು ಕೊಟ್ಟು, ರಸ್ತೆಗೆ ಕರೆದುಕೊಂಡು ಹೋದಳು. ನಾನು ದಿನಾ ಸೀಟಿ ಊದುತ್ತಿದ್ದ ಜಾಗದಲ್ಲಿ ನಾವಿಬ್ಬರೂ ನಿಂತೆವು. ಬಸ್ಸು ಬಂತು. ಹೊಸ ಕಂಡಕ್ಟರ್ ಇಳಿದು ನನ್ನನ್ನು ಹತ್ತಿಸಿದ. ನಾಲ್ಕನೇ ಸೀಟಿನಲ್ಲಿ ಟೀಚರ್ ಕೂತಿದ್ದರು, ಮೊಣಕಾಲಿನ ಮೇಲೆ ಪುಸ್ತಕ ಮುಚ್ಚಿತ್ತು.

ಕಂಬಿ ಹಿಡಿದು ಅವರ ಮುಂದೆ ನಿಂತೆ. ಬಸ್ಸು ಹೊರಡಲಿಲ್ಲ. ಡ್ರೈವರ್ ತಿರುಗಿ ನೋಡುತ್ತಿದ್ದ.

"ನಾನು ಎಸೆದೆ," ಎಂದೆ. ತುಂಬ ಹೊತ್ತಿನ ಮೇಲೆ, "ನೀವು ಬರಲಿಲ್ಲ" ಎಂದೆ. ಮೂರನೆಯದಕ್ಕೆ ಕಣ್ಣು ಮುಚ್ಚಿಕೊಳ್ಳಬೇಕಾಯಿತು. "ದಿನಾ ಕಾದೆ."

ಟೀಚರ್ ಪಕ್ಕಕ್ಕೆ ಸರಿದು ಜಾಗ ಮಾಡಿದರು. ನಾನು ಕೂತೆ. ಅವರು ಮೊಣಕಾಲಿನ ಮೇಲಿದ್ದ ಪುಸ್ತಕವನ್ನು ಬ್ಯಾಗಿಗೆ ಹಾಕಿದರು. ನೂರಾರು ಪುಸ್ತಕ ಓದಿದ್ದೇನೆ, ಈ ಮೂರು ವಾಕ್ಯ ಎಲ್ಲೂ ಸಿಕ್ಕಿರಲಿಲ್ಲ ಎಂದರು. ಆಮೇಲೆ, ನಾನು ಮುನಿಸಿಕೊಂಡಿರಲಿಲ್ಲ, ಜ್ವರ ಬಂದು ರಜೆ ಹಾಕಿದ್ದೆ, ಇವತ್ತೇ ಡ್ಯೂಟಿಗೆ ಹೊರಟದ್ದು ಎಂದು ಹೇಳಿ, ಕೆಮ್ಮು ಇನ್ನೂ ಹಿಡಿದುಕೊಂಡಿದೆ ಎಂದರು. ಹಿಂದಿನ ಸೀಟಿನಲ್ಲಿ ಶಿವಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಅವತ್ತು ಮೂವರೂ ಸುಮ್ಮನೆ ಚಾಮರಾಜನಗರದವರೆಗೆ ಹೋದೆವು. ದಾರಿಯುದ್ದಕ್ಕೂ ಅರಿಶಿನದ ಎಲೆಗಳ ಮೇಲೆ ಬಿಸಿಲು ಹೊರಳುತ್ತಿತ್ತು. ನನಗೆ ಕನಸಿನಲ್ಲಿ ಹೋಗುತ್ತಿರುವ ಹಾಗೂ ಇತ್ತು, ಎಷ್ಟೋ ತಿಂಗಳ ಮೇಲೆ ಎದ್ದು ಕೂತ ಹಾಗೂ ಇತ್ತು.

ಮಾತು ಆಮೇಲೆ ನಿಧಾನವಾಗಿ ಬಂತು, ಈಗಲೂ ಕೆಲವು ಕಡೆ ಕುಂಟುತ್ತದೆ. ಬಾರದೇ ಉಳಿದದ್ದು ಹೆಸರುಗಳು. ಊರಿನ ಹೆಸರು ಬಂದವು, ಹನ್ನೊಂದು ವರ್ಷ ಕೂಗಿದ್ದಲ್ಲ. ಶಿವಮ್ಮನದು ಬಂತು. ಉಳಿದವರ ಹೆಸರು ನಾಲಿಗೆಗೆ ಬರುವುದಿಲ್ಲ. ಟೀಚರನ್ನು ಯಾಕೆ ಹೀಗೆ ಎಂದು ಕೇಳಿದೆ. ದೀಪದ ಜೊತೆ ಹಚ್ಚುವುದು ಬರುತ್ತದೆ, ಮನುಷ್ಯರ ಹೆಸರಿನ ಜೊತೆ ಇಂಥದೇ ಮಾತು ಬರಬೇಕು ಅಂತಿಲ್ಲವಲ್ಲ, ಹಿಡಿದುಕೊಂಡು ಬರಲು ಅದಕ್ಕೆ ಯಾರ ಕೈಯೂ ಇಲ್ಲ ಎಂದರು. ಅವರ ಹೆಸರನ್ನು ನಾನು ಎಡಗೈಯಲ್ಲಿ ಬರೆಯಬಲ್ಲೆ, ಬಾಯಲ್ಲಿ ಹೇಳಲಾರೆ. ಹೇಳಲಾರದ್ದನ್ನು ಇಲ್ಲಿ ಬರೆಯುವುದು ಯಾಕೋ ಸರಿ ಕಾಣಲಿಲ್ಲ.

ಈ ವರ್ಷ ಅವರು ರಿಟೈರಾದರು. ತಂಗಿ ಮದುವೆಯಾಗಿ ಕಾಡಿನಾಚೆ ಕೇರಳದ ಬತ್ತೇರಿಯಲ್ಲಿದ್ದಾಳೆ, ಒಬ್ಬಳೇ ಇರಬೇಡ ಬಾ ಎಂದು ಕರೆಯುತ್ತಿದ್ದಳಂತೆ. ಜೂನ್ ತಿಂಗಳ ಒಂದು ಮಧ್ಯಾಹ್ನ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿಗೆ ಕಳಿಸಿಕೊಡಲು ಹೋದೆ. ಎರಡು ಟ್ರಂಕು, ಒಂದು ಚೀಲ. ಗೋಪಾಲಸ್ವಾಮಿ ಬೆಟ್ಟ ಮೋಡದೊಳಗೆ ಹೋಗಿತ್ತು. ನಾವು ನಿಂತಂತೆಯೇ ಮಳೆ ಶುರುವಾಯಿತು.

ಅರವತ್ತಕ್ಕೆ ಬೇರೆ ಭಾಷೆಯ ಊರಿಗೆ ಹೋಗುತ್ತಿದ್ದೀರಲ್ಲ, ಭಯವಿಲ್ಲವೇ ಎಂದು ಕೇಳಿದೆ. ಅವರು ನಮ್ಮ ಪಕ್ಕ ಕೊಡೆ ಹಿಡಿದು ನಿಂತಿದ್ದ ಮಲಯಾಳಿ ಹೆಂಗಸಿನ ಕಡೆ ತಿರುಗಿ, ಅರೆಬರೆ ಮಾತಿನಲ್ಲಿ ಮತ್ತು ಕೈಸನ್ನೆಯಲ್ಲಿ, ನಿಮ್ಮಲ್ಲಿ ಮಳೆ ಏನು ಮಾಡುತ್ತದೆ ಎಂದು ವಿಚಾರಿಸಿದರು. ಆಕೆಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ, "ಮಳ ಪೆಯ್ಯುನ್ನು" ಎಂದಳು. ನಮ್ಮ ಹಳ್ಳಿ ಕಡೆ ಮಳೆ ಉಯ್ತದೆ ಅನ್ನುತ್ತೇವೆ ಎಂದು ನಾನು ಹೇಳಿದೆ. ಟೀಚರ್ ಎರಡನ್ನೂ ತುಟಿಯಲ್ಲೇ ಒಂದರ ಪಕ್ಕ ಒಂದು ಇಟ್ಟು ನೋಡಿದರು. ನಮ್ಮ ಹಾಲಿಗೆ ಅವರಲ್ಲಿ ಪಾಲು, ಹೂವಿಗೆ ಪೂವು ಎನ್ನುವ ಹಾಗೆ ಹೊಯ್ಯುವುದಕ್ಕೆ ಪೆಯ್ಯುವುದು. ಆಚೆ ಕಡೆಯೂ ಮಳೆ ಹೊಯ್ಯುತ್ತದೆ. ಅವರ ಮುಖ ಐದನೇ ಕ್ಲಾಸಿನ ಹುಡುಗಿಯದಾಯಿತು.

ಬತ್ತೇರಿ ಬಸ್ಸು ಬಂತು. ಮುಂದಿನ ಬಾಗಿಲ ಹತ್ತಿರ ಕೂರಬೇಡಿ, ಎರಚಲು ಹೊಡೆಯುತ್ತದೆ, ಟೈರಿನ ಮೇಲಿನ ಸೀಟೂ ಬೇಡ, ಸೊಂಟ ಹಿಡಿಯುತ್ತದೆ, ಚೆಕ್‌ಪೋಸ್ಟಿನಲ್ಲಿ ಹತ್ತು ನಿಮಿಷ ನಿಲ್ಲಿಸುತ್ತಾರೆ, ಗಾಬರಿಯಾಗಬೇಡಿ, ಕಾಡಿನೊಳಗೆ ಆನೆ ಕಂಡರೂ ಕಾಣಬಹುದು ಎಂದೆಲ್ಲ ಹೇಳುತ್ತಾ ಹೋದೆ. ಅವರು ಮೆಟ್ಟಿಲ ಮೇಲೆ ನಿಂತು, ಹಿಂದಿನವರು ತಳ್ಳುತ್ತಿದ್ದರೂ ಅಲ್ಲಾಡದೆ, ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಒಳಗೆ ಹೋದರು. ಮಳೆಗೆ ಎಲ್ಲ ಕಿಟಕಿಯ ಷಟರೂ ಕೆಳಗಿದ್ದವು. ಅವರು ಎಲ್ಲಿ ಕೂತರು ಎಂದು ಕಾಣಲಿಲ್ಲ. ಬಸ್ಸು ಹೊರಟು ಹೋಯಿತು.

ಅಷ್ಟರಲ್ಲಿ ಮಗುವನ್ನು ಎತ್ತಿಕೊಂಡ ಒಬ್ಬಳು ಓಡಿ ಬಂದು, ಬೇಗೂರಿಗೆ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದಳು. ಹೇಳಿದೆ. ಅವಳ ಹಿಂದೆ ಒಬ್ಬ ಮುದುಕ, ಊಟಿಗೆ ಹೋಗಬೇಕಾದ ಇಬ್ಬರು, ತಪ್ಪು ಬಸ್ಸಿನಿಂದ ಇಳಿದ ಒಂದು ಸಂಸಾರ. ಯೂನಿಫಾರಂ ಇಲ್ಲದಿದ್ದರೂ ನನ್ನನ್ನು ಯಾಕೆ ಕೇಳಿದರೋ ಗೊತ್ತಿಲ್ಲ. ಮಳೆ ನಿಲ್ಲುವವರೆಗೂ ಅಲ್ಲೇ ನಿಂತು, ಬಂದು ಕೇಳಿದವರಿಗೆಲ್ಲ ದಾರಿ ಹೇಳುತ್ತಿದ್ದೆ.